ನಾಗವ್ವ ತುಂಬಿದ ಅಚ್ಚುಗಳು

ಮುಂಬಯಿಯ ಮಲಾಡಿನಲ್ಲಿ ನಮ್ಮ ಬಿಲ್ಡಿಂಗಿನ ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಬಿಲ್ಡಿಂಗ್ ಏಳುತ್ತಿದೆ. ಮೊದಲ ಸ್ಲ್ಯಾಬ್ ಹಾಕಿದ ಮರುದಿನ ಅದರ ಮೇಲೆ ಗೋಣಿತಾಟು ಹಾಸಿ ನೀರು ಬಿಟ್ಟರು. ಬಿಸಿಲೇರಿದ ಮೇಲೆ ಒದ್ದೆ ಗೋಣಿಯ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ. ಹೆಂಡತಿ ತೆರೆದಳು. ಮತ್ತೆ ಮುಚ್ಚಿದೆ. "ಇಪ್ಪತ್ತು ವರ್ಷದಿಂದ ಸಿಮೆಂಟಿನ ಅನ್ನಾ ತಿನ್ನಾಕತ್ತೀವಿ, ಈಗ ಅದರ ವಾಸನಿ ಬ್ಯಾಡಾತೇನು ನಿಮಗ?" ಎಂದಳು. ಶೀತವಾಗುತ್ತದೆ ಎಂದು ಹೇಳಿದೆ. ಏಪ್ರಿಲ್ ತಿಂಗಳಲ್ಲಿ ಶೀತದ ಮಾತಾಡುವ ಗಂಡನೊಡನೆ ವಾದಿಸಿ ಫಲವಿಲ್ಲವೆಂದು ಅವಳಿಗೆ ಗೊತ್ತು.

ಚಿಂತೆ ಮಾಡುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಸಾಧನೆ ಇದೆ. ಬೀಗ ಹಾಕಿದೆನೋ ಇಲ್ಲವೋ ಎಂದು ಸ್ಟೇಷನ್ನಿನಿಂದ ವಾಪಸು ಬಂದು ನೋಡುತ್ತೇನೆ. ನೋಡಿ ಹೋಗುವಾಗ, ನೋಡುವ ಭರದಲ್ಲಿ ಬೀಗ ತೆಗೆದೇ ಬಿಟ್ಟೆನೇನೋ ಎಂದು ಮತ್ತೆ ಚಿಂತಿಸುತ್ತೇನೆ. ಇಷ್ಟು ದುಡಿದ ನನ್ನ ಚಿಂತೆಗಳಲ್ಲಿ ಒಂದೇ ದೋಷವೆಂದರೆ, ಅವು ಎಂದೂ ಕೂರಬೇಕಾದ ಜಾಗದಲ್ಲಿ ಕೂತಿಲ್ಲ. ಭಾಂಡುಪ್ಪಿನಲ್ಲಿ ಕಳೆದ ಆ ಬೇಸಿಗೆಯಲ್ಲಿ ಅವು ಎಲ್ಲೆಲ್ಲೋ ಕೂತಿದ್ದವು. ಒಂದೇ ಒಂದು ಜಾಗ ಬಿಟ್ಟು.

ಐವತ್ತರ ದಶಕದ ನಡುಭಾಗ ಅದು. ಆಗ ನಮ್ಮ ಧಾರವಾಡವೂ ಮುಂಬಯಿ ರಾಜ್ಯದೊಳಗೇ ಇದ್ದುದರಿಂದ ಪರರಾಜ್ಯಕ್ಕೆ ಬಂದು ಬಿದ್ದೆ ಎಂದು ಮರುಕ ಗಿಟ್ಟಿಸುವ ಅವಕಾಶವೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಓವರ್‌ಸಿಯರ್ ಪರೀಕ್ಷೆ ಪಾಸು ಮಾಡಿದ್ದೆ, ಎರಡನೆಯ ಸಲಕ್ಕೆ. ಮುಂಬಯಿಯ ಫೋರ್ಟಿನಲ್ಲಿ ಆಫೀಸು ಇಟ್ಟಿದ್ದ ಒಬ್ಬ ಕಾಂಟ್ರಾಕ್ಟರ್ ಶೇಠರ ಬಳಿ ಕೆಲಸ. ಶೇಠರು ಒಮ್ಮೆ ವಿಲಾಯತಿಗೆ ಹೋಗಿ ಬಂದಿದ್ದರು. ಅಲ್ಲಿ ಕಾಂಕ್ರೀಟಿನ ತೊಲೆಗಳನ್ನು ನೆಲದ ಮೇಲೆಯೇ ಎರಕ ಹೊಯ್ದು, ಗಟ್ಟಿಯಾದ ಮೇಲೆ ಎತ್ತಿ ಕಂಬಗಳ ಮೇಲೆ ಕೂರಿಸುವುದನ್ನು ನೋಡಿ ಬಂದವರಿಗೆ, ಇಲ್ಲಿ ಬಿದಿರು ಕಟ್ಟಿಕೊಂಡು ಮೇಲೆ ಹತ್ತಿ ಬುಟ್ಟಿ ಬುಟ್ಟಿ ಸುರಿಯುವುದು ನಾಚಿಕೆಗೇಡು ಎನಿಸತೊಡಗಿತು. ಭಾಂಡುಪ್ಪಿನಲ್ಲಿ ಒಂದು ಕಾರ್ಖಾನೆಯ ಶೆಡ್ ಕಟ್ಟುವ ಕೆಲಸ ಸಿಕ್ಕಾಗ, ಇದನ್ನು ಹೊಸ ರೀತಿಯಲ್ಲೇ ಕಟ್ಟುತ್ತೇನೆ ಎಂದು ಒಪ್ಪಿಕೊಂಡುಬಿಟ್ಟರು. ಮಳೆಗಾಲಕ್ಕೆ ಮೊದಲು ಸೂರು ಮುಚ್ಚಬೇಕು ಎಂಬ ಮಾತೂ ಆಯಿತು.

ಶೇಠರ ಒಂದು ಮಾತು ಆಫೀಸಿನಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. "ಆದ್ಮಿ ಪೆ ಭೀ ಡಾಲೋ, ಮಶೀನ್ ಪೆ ಭೀ ಡಾಲೋ." ಮನುಷ್ಯನ ಮೇಲೂ ಹಣ ಹಾಕಬೇಕು, ಯಂತ್ರದ ಮೇಲೂ ಹಾಕಬೇಕು. ಆಗಲೇ ಹೊಸತನ ಬರುವುದು. ಯಂತ್ರವೆಂದು ಹಡಗಿನಲ್ಲಿ ಮೂರು ಸಾಮಾನು ಬಂದವು. ಕಾಂಕ್ರೀಟನ್ನು ನಡುಗಿಸಿ ಕೂರಿಸುವ ವೈಬ್ರೇಟರ್, ತೊಲೆ ಎತ್ತುವ ಕ್ರೇನು, ಮತ್ತು ಕಾಂಕ್ರೀಟಿನ ಶಕ್ತಿ ಅಳೆಯುವ ಒಂದು ಒತ್ತುಯಂತ್ರ. ಮನುಷ್ಯ ಎಂದರೆ ನಾನು. ಉಳಿದ ಇಬ್ಬರು ಓವರ್‌ಸಿಯರರಿಗೆ ಮದುವೆ ನಿಶ್ಚಯವಾಗಿತ್ತು, ಅವರು ತರಬೇತಿಗೆಂದು ಪುಣೆಗೆ ಹೋಗಲು ಒಲ್ಲೆವೆಂದರು. ಹೀಗೆ ನನ್ನ ಪ್ರತಿಭೆ ಬೆಳಕಿಗೆ ಬಂತು. ಮೂರು ತಿಂಗಳು ಪುಣೆಯ ಒಂದು ಪ್ರಯೋಗಶಾಲೆಯಲ್ಲಿ ಕಲಿತು, ಮೂರು ನೋಟ್‌ಬುಕ್ ತುಂಬಿಸಿಕೊಂಡು, ಹೋಳಿ ಹುಣ್ಣಿಮೆಯ ಹೊತ್ತಿಗೆ ಭಾಂಡುಪ್ಪಿಗೆ ಬಂದಿಳಿದೆ.

ನನ್ನ ಕೆಲಸ ಕೇಳಲು ಸರಳ. ತೊಲೆಗೆ ಸುರಿಯುವ ಕಾಂಕ್ರೀಟಿನಲ್ಲೇ ಒಂದಿಷ್ಟು ತೆಗೆದು ಆರಿಂಚಿನ ಚೌಕ ಕಬ್ಬಿಣದ ಅಚ್ಚುಗಳಿಗೆ ತುಂಬಬೇಕು. ಮರುದಿನ ಅಚ್ಚು ಬಿಚ್ಚಿ, ಒಳಗಿನ ಕಾಂಕ್ರೀಟಿನ ಗಟ್ಟಿಗಳನ್ನು ನೀರಿನಲ್ಲಿಟ್ಟು, ಕೆಲವನ್ನು ಏಳು ದಿನಕ್ಕೆ, ಕೆಲವನ್ನು ಇಪ್ಪತ್ತೆಂಟು ದಿನಕ್ಕೆ ಯಂತ್ರದಲ್ಲಿಟ್ಟು ಒಡೆಯಬೇಕು. ಯಂತ್ರಕ್ಕೆ ಗಡಿಯಾರದಂಥ ಮುಖ, ಅದರಲ್ಲಿ ಒಂದು ಕಪ್ಪು ಮುಳ್ಳು, ಒಂದು ಕೆಂಪು ಮುಳ್ಳು. ಒತ್ತಡ ಏರಿದಂತೆ ಎರಡೂ ಏರುತ್ತವೆ. ಗಟ್ಟಿ ಒಡೆದೊಡನೆ ಕಪ್ಪು ಮುಳ್ಳು ಬಿದ್ದುಹೋಗುತ್ತದೆ, ಕೆಂಪು ಮುಳ್ಳು ಮಾತ್ರ ತಾನು ಏರಿದಲ್ಲೇ ನಿಂತಿರುತ್ತದೆ. ಅದು ತೋರಿಸಿದ್ದನ್ನು ರಿಜಿಸ್ಟರಿನಲ್ಲಿ ಬರೆದರೆ ಆಯಿತು. ಕಾಂಕ್ರೀಟು ಬೇಕಾದುದಕ್ಕಿಂತ ಹೆಚ್ಚು ಗಟ್ಟಿ ಇದ್ದರೆ ಸಿಮೆಂಟು ಕಡಿಮೆ ಮಾಡಬಹುದು. ಸಿಮೆಂಟಿಗೆ ಪರ್ಮಿಟ್ಟು ಹಿಡಿದು ಅಲೆಯುವ ಕಾಲ ಅದು. ಶೇಠರ ಕಣ್ಣು ಇದ್ದದ್ದು ಅಲ್ಲಿಯೇ.

ಕೆಲಸದ ಜಾಗ ಗುಡ್ಡದ ಬುಡದಲ್ಲಿತ್ತು. ಒಂದು ಕಡೆ ಕಾರ್ಖಾನೆಗಳ ಹೊಗೆ, ಇನ್ನೊಂದು ಕಡೆ ತಾಳೆಮರಗಳು, ನಡುವೆ ಕೆಂಪು ಧೂಳು. ಕೆಲಸದವರಲ್ಲಿ ಮುಕ್ಕಾಲು ಮಂದಿ ವಿಜಾಪುರದ ಕಡೆಯವರು. ಅವರ ಮೇಸ್ತ್ರಿ ಮಲ್ಲಪ್ಪ, ಐವತ್ತರ ಹತ್ತಿರದವನು, ಒಂದು ಕಿವಿಗೆ ಬೀಡಿ ಸಿಕ್ಕಿಸಿಕೊಂಡೇ ಇರುತ್ತಿದ್ದ. ಕಲಸಿದ ಕಾಂಕ್ರೀಟಿಗೆ ಅಲ್ಲಿ ಎಲ್ಲರೂ ಮಾಲು ಎನ್ನುತ್ತಿದ್ದರು. ಮಲ್ಲಪ್ಪ ಒಂದು ಹಿಡಿ ಮಾಲು ತೆಗೆದು ಹೆಬ್ಬೆರಳಿನಿಂದ ತಿಕ್ಕಿ, ನೀರು ಹೆಚ್ಚಾಯಿತೋ ಮರಳು ಹೆಚ್ಚಾಯಿತೋ ಹೇಳಿಬಿಡುತ್ತಿದ್ದ. ಅವನ ಕೊನೆಯ ತಂಗಿ ನಾಗವ್ವ ಮಾಲು ಹೊರುವ ಹೆಂಗಸರ ಸಾಲಿನಲ್ಲಿ ಮುಂದಿನವಳು. ನನ್ನಷ್ಟೇ ವಯಸ್ಸು ಇದ್ದೀತು. ಅವಳ ಗಂಡ ಭೀಮಪ್ಪ ಹಗ್ಗ, ಸರಪಳಿಗಳ ಕೆಲಸದವನು, ಮಾತು ಕಡಿಮೆ. ಮೂವರೂ ಒಂದೇ ತಗಡಿನ ಜೋಪಡಿಯಲ್ಲಿ ಇದ್ದರು. ನಾನು ಕನ್ನಡದವ ಎಂದು ಗೊತ್ತಾದ ದಿನದಿಂದ ಮಧ್ಯಾಹ್ನ ನನಗೊಂದು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಬರತೊಡಗಿತು. ಜೋಪಡಿಯ ನೀರು ಕುಡಿದರೆ ಹೊಟ್ಟೆ ಕೆಡುತ್ತದೆಯೋ ಏನೋ ಎಂದು ಚಿಂತಿಸುತ್ತಲೇ ತಿನ್ನುತ್ತಿದ್ದೆ.

ತೊಲೆಗೆ ಒಂದು ಸಲ ಮಾಲು ಸುರಿಯುವುದಕ್ಕೆ ಹೊಯ್ಲು ಎನ್ನುತ್ತಿದ್ದೆವು; ಮೊದಲ ಹೊಯ್ಲಿನ ಅಚ್ಚುಗಳನ್ನು ನಾನೇ ತುಂಬಿದೆ. ಮೂರು ಪದರಗಳಲ್ಲಿ ತುಂಬಿ, ಪ್ರತಿ ಪದರವನ್ನೂ ಕಬ್ಬಿಣದ ಸಲಾಕೆಯಿಂದ ಎಣಿಸಿಕೊಂಡು ಚುಚ್ಚಿ ಕೂರಿಸಬೇಕೆಂಬುದು ನೋಟ್‌ಬುಕ್ಕಿನಲ್ಲಿತ್ತು. ಪುಣೆಯಲ್ಲಿ ಹೊಲಿಸಿದ ಹೊಸ ಪ್ಯಾಂಟು ಹಾಕಿಕೊಂಡಿದ್ದೆ ಎಂಬುದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಸಿಡಿಯದಂತೆ ಮೆಲ್ಲಗೆ ಚುಚ್ಚಿದೆ. ಏಳನೆಯ ದಿನ ಶೇಠರು ತಾವೇ ಕಾರಿನಲ್ಲಿ ಬಂದರು, ಜೊತೆಗೆ ಕಾರ್ಖಾನೆಯ ಇಬ್ಬರು ದೊಡ್ಡವರು. ಯಂತ್ರ ತಿರುಗಿಸಿದೆ. ಅರ್ಧ ದಾರಿಗೇ ಗಟ್ಟಿ ಪುಡಿಯಾಯಿತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಒಡೆಯುವ ಮೊದಲೇ ದೊಡ್ಡವರಲ್ಲೊಬ್ಬರು ಗಡಿಯಾರ ನೋಡಿಕೊಂಡರು. ಅವರನ್ನು ಕಾರಿನಲ್ಲಿ ಕೂರಿಸಿ ವಾಪಸು ಬಂದ ಶೇಠರು ಕೂಗಾಡಲಿಲ್ಲ. ಯಂತ್ರ ವಾಪಸು ಕಳಿಸಲು ಬರುವುದಿಲ್ಲ, ಮನುಷ್ಯನನ್ನು ಕಳಿಸಬಹುದು ಎಂದು ಎಲ್ಲರೆದುರಿಗೆ, ತಣ್ಣಗೆ, ಹಿಂದಿಯಲ್ಲಿ ಹೇಳಿದರು. ಕೆಲಸದವರೆಲ್ಲ ಕೇಳಿಸಿಕೊಂಡರು.

ಮಲ್ಲಪ್ಪ ಮಾತ್ರ ಒಡೆದ ಚೂರನ್ನು ಎತ್ತಿ ನೋಡಿ, ಒಳಗಿನ ತೂತುಗಳ ಮೇಲೆ ಬೆರಳಾಡಿಸಿ, ಮಾಲು ಛಲೋ ಐತಿ, ತುಂಬಿದ್ದು ಸರಿ ಇಲ್ಲ ಎಂದ. ಸರಿಯಾಗಿಯೇ ಹೇಳಿದ್ದ. ಅಚ್ಚಿನೊಳಗೆ ಗಾಳಿ ಉಳಿದಿತ್ತು, ತೊಲೆಯಲ್ಲಿ ಏನೂ ದೋಷ ಇರಲಿಲ್ಲ. ಮೇಸ್ತ್ರಿಯೊಬ್ಬ ನನಗೆ ಹೇಳಿಕೊಡುವುದೇ ಎಂದುಕೊಂಡೆನಾದರೂ, ಎರಡು ದಿನದ ಮೇಲೆ ಪ್ಯಾಂಟು ಬದಲಿಸಿದೆ.

ಆ ಎರಡು ದಿನ ಊಟ ಬಿಟ್ಟಿದ್ದೆ. ಊರಿನಲ್ಲಿ ಅಪ್ಪನಿಗೆ ಏನೆಂದು ಬರೆಯುವುದು ಎಂಬುದೊಂದು ಚಿಂತೆ, ಕೆಲಸ ಹೋದರೆ ಮಾಟುಂಗದ ಚಾಳಿನಲ್ಲಿ ನನ್ನೊಡನೆ ಖೋಲಿ ಹಂಚಿಕೊಂಡಿದ್ದ ಜೊತೆಗಾರರಿಗೆ ಏನು ಹೇಳುವುದು ಎಂಬುದೊಂದು. ನಾಗವ್ವ ಕಟ್ಟಿಕೊಟ್ಟ ರೊಟ್ಟಿ ಹಾಗೆಯೇ ಇತ್ತು. ಅವಳು ಅದನ್ನು ವಾಪಸು ಒಯ್ಯಲು ಬಂದಾಗ ಕೇಳಿದಳು.

"ಸಾಹೇಬ್ರ, ನಿಮ್ಮ ಪರೀಕ್ಷಿ ಮತ್ತ ಯಾವಾಗರಿ?"

ಇದು ನನ್ನ ಪರೀಕ್ಷೆಯಲ್ಲ, ಕಾಂಕ್ರೀಟಿನ ಪರೀಕ್ಷೆ ಎಂದು ಆಗ ಹೇಳಬೇಕಾಗಿತ್ತು. ಈ ಗಟ್ಟಿ ಒಡೆಯುವುದು ಯಾಕೆ, ಇದರಿಂದ ಏನು ಗೊತ್ತಾಗುತ್ತದೆ, ಅದರ ಮೇಲೆ ನಾವು ಏನು ಮಾಡುತ್ತೇವೆ ಎಂದು ಐದು ನಿಮಿಷ ಕೂತು ಹೇಳಿದ್ದರೆ ಆಗುತ್ತಿತ್ತು. ಅವಳಿಗೆ ತಿಳಿಯದ್ದೇನಲ್ಲ. ನನ್ನನ್ನು ಮೂರು ತಿಂಗಳು ಪುಣೆಗೆ ಕಳಿಸಿದ್ದರು, ಅವರಿಗೆ ಐದು ನಿಮಿಷ ಯಾರೂ ಕೊಟ್ಟಿರಲಿಲ್ಲ. ನಾನು ಕರುಣೆ ಉಕ್ಕಿಸುವಂಥ ಮುಖ ಮಾಡಿಕೊಂಡು, "ಮುಂದಿನ ಹೊಯ್ಲಿಗೆ ಐತಿ ನಾಗವ್ವ. ಅದರಾಗೂ ನಾಪಾಸಾದ್ರ ನಾ ಊರಿಗೆ ಹೋಗೂದ" ಎಂದೆ.

ಮುಂದಿನ ಹೊಯ್ಲಿಗೆ ನಾಗವ್ವ ಅಚ್ಚು ತುಂಬಲು ತಾನೇ ಕೂತಳು. ನೀವು ಬರಕೊಳ್ರಿ, ಇದು ಹೆಂಗಸರ ಕೈಕೆಲಸ ಎಂದಳು. ನಾನು ಬಿಟ್ಟುಕೊಟ್ಟೆ, ಸಂತೋಷದಿಂದಲೇ. ಸೆರಗು ಸೊಂಟಕ್ಕೆ ಬಿಗಿದು, ಅಚ್ಚಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸಲಾಕೆಯಿಂದ ಮೂಲೆಮೂಲೆಗೂ ಚುಚ್ಚಿ, ಕೊನೆಗೆ ಮೇಲ್ಮೈಯನ್ನು ಅಂಗೈಯಿಂದ ಸವರಿ ಬಿಡುವಳು. ಮಗುವಿಗೆ ಎಣ್ಣೆ ಹಚ್ಚಿದ ಹಾಗೆ. ಅಚ್ಚುಗಳಿಗೆ ಅವರೆಲ್ಲ 'ಸಾಹೇಬರ ಕೂಸುಗಳು' ಎಂದು ಹೆಸರಿಟ್ಟರು. ಕೂಸು ಮಲಗಿದವೇನು, ಕೂಸಿಗೆ ನೀರು ಹಾಕಿದಿರೇನು ಎಂದು ನಗುವರು. ಅವರ ಅಂಥ ನಗೆ ನನಗೂ ಹಿಡಿಸುತ್ತಿತ್ತು. ಏಳನೆಯ ದಿನ ಕೆಂಪು ಮುಳ್ಳು ನಾನು ಕನಸಿನಲ್ಲೂ ಕಾಣದಷ್ಟು ಮೇಲೆ ಹೋಗಿ ನಿಂತಿತು.

ಅಂದು ನಾನು ಎರಡು ರೊಟ್ಟಿ ತಿಂದೆ. ನಾಗವ್ವ ಭೀಮಪ್ಪನ ಕಡೆ ನೋಡಿ ನಕ್ಕಳು. ಭೀಮಪ್ಪ ತಲೆ ತಗ್ಗಿಸಿಕೊಂಡು ಹಗ್ಗಕ್ಕೆ ಗಂಟು ಹಾಕುತ್ತಿದ್ದವನು ತಾನೂ ಸ್ವಲ್ಪ ನಕ್ಕ ಹಾಗಾಯಿತು. ನಮ್ಮ ಕಡೆಯ ಹುಡುಗ ಪಾಸಾದ ಎಂಬ ನಗೆ ಅದು ಎಂದು ತಿಳಿದೆ. ಅದು ಅಷ್ಟೇ ಆಗಿತ್ತು ಕೂಡ.

ಆಮೇಲೆ ಎಲ್ಲವೂ ನೋಟ್‌ಬುಕ್ಕಿನಲ್ಲಿ ಬರೆದಂತೆಯೇ ನಡೆಯಿತು. ಫಲಿತಾಂಶ ಬೇಕಾದುದಕ್ಕಿಂತ ಬಹಳ ಮೇಲಿತ್ತು, ಆದ್ದರಿಂದ ಸಿಮೆಂಟು ಇಳಿಸಬಹುದೆಂದು ನಾನೇ ಲೆಕ್ಕ ಹಾಕಿ ಬರೆದುಕೊಟ್ಟೆ. ಇಳಿಸಿದರು. ಮತ್ತೆ ಅಚ್ಚು, ಮತ್ತೆ ಏಳು ದಿನ, ಮುಳ್ಳು ಮೊದಲಿನಷ್ಟೇ ಮೇಲೆ. ಮತ್ತೂ ಇಳಿಸಬಹುದೆಂದು ಬರೆದೆ. ಇದೊಂದು ಮಾತ್ರ ಪುಸ್ತಕದ ಪ್ರಕಾರ ಆಗಬಾರದ್ದು. ಸಿಮೆಂಟು ಇಳಿದ ಮೇಲೆ ಮುಳ್ಳೂ ಇಳಿಯಬೇಕು. ಇದು ನನಗೆ ಹೊಳೆಯಲಿಲ್ಲವೆಂದರೆ ಸುಳ್ಳಾದೀತು. ಹೊಳೆಯಿತು. ವೈಬ್ರೇಟರಿನ ಮಹಿಮೆ ಇರಬೇಕು, ಅಥವಾ ನನ್ನ ಕೈಯಲ್ಲಿ ಏನೋ ವಿಶೇಷ ಇರಬೇಕು ಎಂದುಕೊಂಡೆ. ಜೀವಮಾನದಲ್ಲಿ ನಾನು ಚಿಂತೆ ಮಾಡದೆ ಬಿಟ್ಟ ಸಂಗತಿ ಅದೊಂದೇ. ಆಗ ನನ್ನ ಚಿಂತೆಯೆಲ್ಲ ಯಂತ್ರಕ್ಕೆ ತುಕ್ಕು ಹಿಡಿಯಬಾರದು ಎಂಬುದರ ಮೇಲಿತ್ತು. ದಿನಕ್ಕೆ ಎರಡು ಸಲ ಎಣ್ಣೆ ಒರೆಸುತ್ತಿದ್ದೆ.

ಎರಡನೆಯ ಸಲ ಸಿಮೆಂಟು ಇಳಿಸಿದ ದಿನ ಮಲ್ಲಪ್ಪ ಮಿಕ್ಸರಿನ ಬಾಯಿಂದ ಒಂದು ಹಿಡಿ ಮಾಲು ತಂದು ನನ್ನ ಮೇಜಿನ ಮೇಲೆಯೇ ಇಟ್ಟ.

"ಸಾಹೇಬ್ರ, ಇದರ ಹೊಟ್ಟಿ ತುಂಬಿಲ್ಲ. ಇದು ಹಸದೈತಿ ನೋಡ್ರಿ."

ನಾನು ರಿಜಿಸ್ಟರು ತೆರೆದು ತೋರಿಸಿದೆ. ಇಂಗ್ಲಿಷಿನಲ್ಲಿ ಬರೆದ ಅಂಕಿಗಳ ಮೇಲೆ ಬೆರಳಿಟ್ಟು, ಮಶೀನು ಸುಳ್ಳು ಹೇಳುತ್ತದೆಯೇ ಎಂದು ಕೇಳಿದೆ. ಅವನು ರಿಜಿಸ್ಟರಿನ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡಿದ. ಮಶೀನು ಯಾಕೆ ಸುಳ್ಳು ಹೇಳುತ್ತದೆ ಎಂದು ತನಗೇ ಹೇಳಿಕೊಂಡು, ಮಾಲನ್ನು ಎತ್ತಿಕೊಂಡು ಹೋದ. ಮೇಜಿನ ಮೇಲೆ ಒದ್ದೆ ಗುರುತು ಉಳಿಯಿತು. ಒರೆಸಿದೆ.

ಈ ನಡುವೆ ನಾಗವ್ವ ಅಂಕಿ ಬರೆಯಲು ಕಲಿತಳು. ಹಸಿ ಗಟ್ಟಿಯ ಮೇಲೆ ಮೊಳೆಯಿಂದ ನಂಬರು ಗೀಚುವುದು ನನ್ನ ಕೆಲಸವಾಗಿತ್ತು. ಅದನ್ನೂ ತಾನೇ ಮಾಡುವೆನೆಂದಳು. ಕನ್ನಡದ ಅಂಕಿಗಳನ್ನು ಧೂಳಿನಲ್ಲಿ ಬರೆದು ತೋರಿಸಿದೆ. ನಾಲ್ಕು ದಿನದಲ್ಲಿ ಕಲಿತಳು, ಏಳು ಮಾತ್ರ ಸೊಟ್ಟಗೆ ಬರುತ್ತಿತ್ತು. ಶೇಠರ ಮೇಲೂ ನನ್ನ ಪ್ರಭಾವ ಬೆಳೆಯುತ್ತಿತ್ತು. ತಿಂಗಳಿಗೊಮ್ಮೆ ಫೋರ್ಟಿನ ಆಫೀಸಿಗೆ ರಿಜಿಸ್ಟರು ಒಯ್ದಾಗ ನನಗೆ ಕುರ್ಚಿ ಸಿಗತೊಡಗಿತು. ಬಂದವರಿಗೆಲ್ಲ ಶೇಠರು ನನ್ನನ್ನು ತೋರಿಸಿ, ಪುಣೆಗೆ ಕಳಿಸಿ ತಯಾರು ಮಾಡಿದ್ದೇನೆ ಎನ್ನುವರು. ಅವರ ಧ್ವನಿ ಕ್ರೇನಿನ ಬಗ್ಗೆ ಹೇಳುವಾಗಲೂ ಹಾಗೆಯೇ ಇರುತ್ತಿತ್ತು.

ಮೇ ಕೊನೆಗೆ ಮೋಡ ಕಟ್ಟತೊಡಗಿತು. ಬಿಸಿಲು ಸುಡುತ್ತಿತ್ತು, ಬೆವರು ಆರುತ್ತಿರಲಿಲ್ಲ, ಗುಡ್ಡದ ಮೇಲೆ ಸಂಜೆ ಹೊತ್ತು ಮಿಂಚುತ್ತಿತ್ತು. ಮೊದಲು ಹೊಯ್ದ ತೊಲೆಗಳೆಲ್ಲ ಮೇಲೇರಿದ್ದವು. ಕಡಿಮೆ ಸಿಮೆಂಟಿನ ನಾಲ್ಕು ತೊಲೆ ಮಾತ್ರ ನೆಲದ ಮೇಲೆ ಒದ್ದೆ ಗೋಣಿ ಹೊದ್ದು ಮಲಗಿದ್ದವು. ಇಪ್ಪತ್ತೆಂಟು ದಿನ ಕಾಯಲು ಮಳೆ ಬಿಡುವಂತಿರಲಿಲ್ಲ. ಹದಿನಾಲ್ಕು ದಿನಕ್ಕೆ ಎತ್ತಬಹುದೇ ಎಂದು ಶೇಠರು ಕೇಳಿಕಳಿಸಿದರು. ಏಳು ದಿನದ ಗಟ್ಟಿಗಳ ಅಂಕಿ ನೋಡಿದೆ. ಎತ್ತಬಹುದು ಎಂದು ಬರೆದು ಸಹಿ ಹಾಕಿದೆ. ಸಹಿ ಹಾಕಿದ ಮೇಲೆ ದಿನಾಂಕ ಸರಿಯಾಗಿ ಹಾಕಿದೆನೋ ಇಲ್ಲವೋ ಎಂದು ಚಿಂತೆಯಾಗಿ ಲಕೋಟೆ ಒಡೆದು ನೋಡಿ ಮತ್ತೆ ಅಂಟಿಸಿದೆ.

ತೊಲೆ ಎತ್ತಿದ್ದು ಬೆಳಿಗ್ಗೆ, ಬಿಸಿಲೇರುವ ಮೊದಲು. ತೆಂಗಿನಕಾಯಿ ಒಡೆದರು. ಕ್ರೇನಿನವನು ಸರಪಳಿ ಬಿಗಿ ಮಾಡಿದ. ತೊಲೆ ಗಾಳಿಯಲ್ಲಿ ತಿರುಗದಂತೆ ಅದರ ತುದಿಗೆ ಹಗ್ಗ ಕಟ್ಟಿ ಹಿಡಿದುಕೊಂಡು ನಡೆಯುವುದು ಭೀಮಪ್ಪನ ಕೆಲಸ. ತೊಲೆ ನೆಲ ಬಿಟ್ಟಿತು, ಆಳೆತ್ತರ ಏರಿತು, ಅದರ ಎರಡರಷ್ಟು ಏರಿತು. ನಾನು ಯಂತ್ರದ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ದೊಡ್ಡ ಸದ್ದೇನೂ ಬರಲಿಲ್ಲ. ಒಣಗಿದ ಹಪ್ಪಳ ಮುರಿದ ಹಾಗೆ ಒಂದು ಸದ್ದು, ಆಮೇಲೆ ನಡುವೆ ಒಂದು ಗೆರೆ, ಆಮೇಲೆ ತೊಲೆ ಒಳಗಿನ ಕಬ್ಬಿಣದ ಸಲಾಕೆಗಳ ಮೇಲೆ ಮಡಚಿಕೊಂಡಿತು. ಸರಪಳಿಯಿಂದ ಒಂದು ತುದಿ ಜಾರಿತು. ಭೀಮಪ್ಪ ಹಗ್ಗ ಬಿಟ್ಟು ಓಡಬಹುದಿತ್ತು. ಹಗ್ಗ ಬಿಟ್ಟರೆ ತೊಲೆ ಹೆಂಗಸರ ಸಾಲಿನ ಕಡೆ ತಿರುಗುತ್ತಿತ್ತು. ಅವನು ಬಿಡಲಿಲ್ಲ.

ಧೂಳು ಇಳಿಯಲು ಬಹಳ ಹೊತ್ತು ಹಿಡಿಯಿತು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಅವನನ್ನು ಒಯ್ದ ಮೇಲೆ, ಎಲ್ಲರೂ ಚದುರಿದ ಮೇಲೆ, ಮುರಿದ ತೊಲೆಯ ಬಳಿ ಹೋಗಿ ಒಂದು ಚೂರು ತೆಗೆದುಕೊಂಡೆ. ನನ್ನ ಕೋಣೆಯಲ್ಲಿ ಅದೇ ಹೊಯ್ಲಿನ, ನಾನು ಒಡೆದಿದ್ದ ಗಟ್ಟಿಯ ಚೂರು ಬಿದ್ದಿತ್ತು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ತೊಲೆಯ ಚೂರು ಬಿಳಿಚಿಕೊಂಡಿತ್ತು, ಉಗುರಿನಿಂದ ಕೆರೆದರೆ ಮರಳು ಉದುರುತ್ತಿತ್ತು. ಗಟ್ಟಿಯ ಚೂರು ಕಡುಬೂದು, ಉಗುರು ತಾಗುತ್ತಿರಲಿಲ್ಲ. ಒಂದೇ ದಿನ, ಒಂದೇ ಮಿಕ್ಸರಿನಿಂದ ಬಂದ ಮಾಲು. ಇದನ್ನು ತಿಳಿಯಲು ಪುಣೆಗೆ ಹೋಗಬೇಕಾಗಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು.

ಮರುದಿನ ಮಧ್ಯಾಹ್ನ, ಮಣ್ಣು ಮಾಡಿ ಬಂದ ಮೇಲೆ, ಮಲ್ಲಪ್ಪ ನನ್ನ ಕೋಣೆಗೆ ಬಂದು ಬಾಗಿಲು ಎಳೆದುಕೊಂಡ. ಮೇಜಿನ ಮೇಲಿದ್ದ ಎರಡು ಚೂರುಗಳನ್ನು ನೋಡಿದ. ನಾನು ಕೇಳುವ ಮೊದಲೇ ಹೇಳತೊಡಗಿದ. ನಿನ್ನೆಯಿಂದ ನಾಗವ್ವ ಅಳುತ್ತ ಒಂದೇ ಮಾತು ಆಡುತ್ತಿದ್ದಾಳೆ. ಸಾಹೇಬರ ಕೂಸುಗಳಿಗೆ ಹಿಡಿ ಹಿಡಿ ಸಿಮೆಂಟು ಹಾಕಿ ಗಟ್ಟಿ ಮಾಡಿದ ಕೈ ಇದು, ನನ್ನ ಗಂಡನನ್ನು ಹಿಡಿದುಕೊಳ್ಳಲು ಬರಲಿಲ್ಲವಲ್ಲ ಎಂದು. ಗೋದಾಮಿನಲ್ಲಿ ಉದುರಿದ್ದನ್ನು ಗುಡಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದು, ನಾನು ರಿಜಿಸ್ಟರು ಬರೆಯುತ್ತಿರುವಾಗ ಅಚ್ಚಿನಲ್ಲಿ ಕಲಸುತ್ತಿದ್ದಳಂತೆ. ಭೀಮಪ್ಪನಿಗೆ ಗೊತ್ತಿತ್ತು. ಮಲ್ಲಪ್ಪನಿಗೆ ನಿನ್ನೆಯವರೆಗೆ ಗೊತ್ತಿರಲಿಲ್ಲ. ಸಿಮೆಂಟು ಇಳಿಸಿದ್ದು ಯಾವುದನ್ನು ನೋಡಿ ಎಂಬುದು ಅವನಿಗೆ ಈಗ ತಿಳಿದಿತ್ತು.

"ಆಕಿಗಿ ಇನ್ನೂ ಗೊತ್ತಿಲ್ಲ" ಎಂದ. "ನಿಮ್ಮ ನೌಕರಿ ಉಳೀಲಿ ಅಂತ ಮಾಡ್ಯಾಳ. ಅದಕ ತೊಲಿ ಮುರೀತು ಅನ್ನೂದು ಆಕಿ ತಲ್ಯಾಗ ಬಂದಿಲ್ಲ."

ನಾನು ಏನೋ ಹೇಳಲು ಹೋದೆ. ಅದುವರೆಗೂ ನನ್ನನ್ನು ಸಾಹೇಬ್ರ ಎನ್ನುತ್ತಿದ್ದವನು ಕೈ ಎತ್ತಿ ತಡೆದ.

"ಕೇಳಿಲ್ಲಿ ತಮ್ಮಾ. ಮೇಸ್ತ್ರಿ ಸಿಮೆಂಟ ಕದ್ದಾನ ಅಂತ ಶೇಠ ಅನ್ನಾಕತ್ಯಾನ. ಅಂದ್ಕೋಲಿ. ಕಳ್ಳ ಅಂದ್ರ ನಾಕ ದಿನ ಒದೀತಾರ, ಬಿಡ್ತಾರ. ಗಂಡನ್ನ ತಾನ ಕೊಂದೆ ಅಂತ ತಿಳದ್ರ ಆಕಿ ಒಂದ ದಿನಾ ಬದುಕಂಗಿಲ್ಲ."

ಅವನು ಹೋದ ಮೇಲೆ ರಿಜಿಸ್ಟರು ತೆರೆದೆ. ಶೇಠರ ತರ್ಕದಲ್ಲಿ ತಪ್ಪೇನಿರಲಿಲ್ಲ. ರಿಜಿಸ್ಟರಿನಲ್ಲಿ ಗಟ್ಟಿ ಒಳ್ಳೆಯದಿದೆ, ತೊಲೆ ಕೆಟ್ಟಿದೆ, ಹಾಗಾದರೆ ನಡುವೆ ಸಿಮೆಂಟು ಎಲ್ಲಿಗೋ ಹೋಗಿರಬೇಕು. ಅದು ಎಲ್ಲಿಗೂ ಹೋಗಿರಲಿಲ್ಲ, ನಾನೇ ಕಡಿಮೆ ಮಾಡಿದ್ದೆ. ಆದರೆ ಅದನ್ನು ಸರಿಯೆಂದು ತೋರಿಸುವ ರಿಜಿಸ್ಟರೂ ನನ್ನದೇ ಆಗಿತ್ತು. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಮುಂಬಯಿಯಲ್ಲಿ ಇರಲಿಲ್ಲ.

ಆದರೂ ಒಂದು ಕಾಗದ ಬರೆದೆ. ಇದನ್ನು ಹೇಳಲೇಬೇಕು, ನನ್ನ ಪರವಾಗಿ ಹೇಳಲು ಇರುವುದು ಇಷ್ಟೇ. ಗಟ್ಟಿಗಳು ತೊಲೆಯ ಮಾಲಿನವಲ್ಲ, ನೋಡಿಕೊಳ್ಳದ ತಪ್ಪು ನನ್ನದು, ಸಿಮೆಂಟು ಇಳಿಸಿದ್ದು ನನ್ನ ಸಹಿಯ ಮೇಲೆ, ಮೇಸ್ತ್ರಿ ಕಳ್ಳನಲ್ಲ ಎಂದು ಬರೆದೆ. ನಾಗವ್ವನ ಹೆಸರು ಬಿಟ್ಟೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಲೋಕಲ್ ಹಿಡಿದು ಫೋರ್ಟಿಗೆ ಹೋದೆ. ಮಳೆ ಶುರುವಾಗಿತ್ತು. ಆಫೀಸಿನ ಕೆಳಗಿನ ಉಡುಪಿ ಹೋಟೆಲಿನಲ್ಲಿ ಕೂತೆ. ಫೋರ್ಟಿಗೆ ಬಂದಾಗಲೆಲ್ಲ ಅಲ್ಲೇ ತಿನ್ನುತ್ತಿದ್ದ ನನ್ನ ಗುರುತು ಗಲ್ಲಾದಲ್ಲಿ ಕೂತ ಭಟ್ಟರಿಗೆ ಇತ್ತು. "ಎಂತ ಮಾರಾಯ್ರೆ, ಕೂತು ಅರ್ಧ ಗಂಟೆ ಆಯ್ತು, ಇಡ್ಲಿ ತಣ್ಣಗಾಯ್ತು. ಮೈ ಹುಷಾರಿಲ್ವಾ?" ಎಂದರು. ಹುಷಾರಿದೆ ಎಂದೆ.

ಕಾಗದದಲ್ಲಿ ನಾಗವ್ವನ ಹೆಸರಿರಲಿಲ್ಲ ನಿಜ. ಆದರೆ ಗಟ್ಟಿ ಬೇರೆ ಹೇಗಾದವು ಎಂದು ಯಾರಾದರೂ ಒಂದು ಪ್ರಶ್ನೆ ಕೇಳಿದರೆ, ಅಚ್ಚು ತುಂಬಿದವರು ಯಾರು ಎಂಬುದು ಎರಡನೆಯ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ಇಡೀ ಭಾಂಡುಪ್ ಇತ್ತು. ಇದನ್ನು ಯೋಚಿಸಿಯೇ ನಾನು ತಡೆದೆನೋ, ಅಥವಾ ಹೀಗೆ ಯೋಚಿಸಲು ಸಿಕ್ಕಿತಲ್ಲ ಎಂದು ಒಳಗೊಳಗೇ ಹಗುರಾದೆನೋ, ಇವತ್ತಿನವರೆಗೆ ನನಗೆ ಬಗೆಹರಿದಿಲ್ಲ. ಮೇಲೆ ಹೋದೆ. ಶೇಠರು ಕುರ್ಚಿ ತೋರಿಸಿದರು. ನನ್ನ ಮುಖ ನೋಡಿ, ಮೇಸ್ತ್ರಿ ಪೊಲೀಸರ ಮುಂದೆ ಒಪ್ಪಿಕೊಂಡಿದ್ದಾನೆ, ನೀನ್ಯಾಕೆ ನಡುಗುತ್ತೀ, ನಿನ್ನ ರಿಜಿಸ್ಟರು ಇದ್ದುದರಿಂದಲೇ ಕಳ್ಳತನ ಸಿಕ್ಕಿದ್ದು ಎಂದು ಹಿಂದಿಯಲ್ಲಿ ಹೇಳಿ ಚಹಾ ತರಿಸಿದರು. ನಾನು ಚಹಾ ಕುಡಿದೆ. ಕಾಗದ ಜೇಬಿನಲ್ಲೇ ವಾಪಸು ಬಂತು. ಮಳೆಯಲ್ಲಿ ನೆನೆದು, ಭಾಂಡುಪ್ ಸ್ಟೇಷನ್ನಿನಲ್ಲಿ ತೆಗೆದು ನೋಡಿದಾಗ ಶಾಯಿಯೆಲ್ಲ ಹರಡಿತ್ತು.

ಮಲ್ಲಪ್ಪನನ್ನು ಪೊಲೀಸರು ಬಿಟ್ಟ ದಿನವೇ ಅವರೆಲ್ಲ ಊರಿಗೆ ಹೊರಟರು. ಕಳ್ಳ ಮೇಸ್ತ್ರಿಯ ಗುಂಪಿಗೆ ಈ ಕಡೆ ಯಾರೂ ಕೆಲಸ ಕೊಡುತ್ತಿರಲಿಲ್ಲ. ಅವನು ನನ್ನ ಕಡೆ ಬರಲಿಲ್ಲ. ಅವನ ಕೆಳತುಟಿ ಒಡೆದಿತ್ತು. ಗಂಟುಮೂಟೆ ಹೊತ್ತು ಮಳೆಯಲ್ಲಿ ಸಾಲಾಗಿ ನಡೆದರು. ನಾಗವ್ವ ಮಾತ್ರ ಸಾಲು ಬಿಟ್ಟು ನನ್ನ ಕೋಣೆಯ ಬಾಗಿಲಿಗೆ ಬಂದಳು. ಹಣೆ ಬರಿದಾಗಿತ್ತು, ಕೈಯಲ್ಲಿ ಬಳೆ ಇರಲಿಲ್ಲ. ಒಳಗೆ ಬರಲಿಲ್ಲ.

"ಸಾಹೇಬ್ರ, ನೀವು ಓದಿದವ್ರು. ಆ ತೊಲಿ ಯಾಕ ಮುರೀತ್ರಿ?"

"ಸರಪಳಿ ಜಾರ್ತು ನಾಗವ್ವ."

ಒದ್ದೆ ಗೋಣಿಯನ್ನು ತಲೆಯ ಮೇಲೆ ಹೊದ್ದುಕೊಂಡಿದ್ದಳು, ತೊಲೆಗಳ ಮೇಲೆ ಹಾಸಿದ್ದ ಗೋಣಿಯೇ. ಅದರಿಂದ ನೀರು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.

"ನಿಮ್ಮ ಪರೀಕ್ಷಿ ಏನಾತ್ರಿ?"

"ಪಾಸಾತು."

"ಅಷ್ಟಾದ್ರೂ ಆತಲ್ರಿ" ಎಂದು ಹೋದಳು.

ಉಳಿದ ಮೂರು ತೊಲೆಗಳನ್ನು ನಾನು ಏನೇನೋ ಕಾರಣ ಬರೆದು ಒಡೆಸಿಹಾಕಿದೆ. ಸಿಮೆಂಟಿನ ಪ್ರಮಾಣವನ್ನು ಸದ್ದಿಲ್ಲದೆ ಮೊದಲಿನಷ್ಟೇ ಮಾಡಿದೆ. ಕಳ್ಳರು ಹೋದ ಮೇಲೆ ಮಾಲು ಸುಧಾರಿಸಿತು ಎಂದು ಶೇಠರಿಗೆ ಸಮಾಧಾನವಾಯಿತು. ಮುಂದಿನ ವರ್ಷ ಇನ್ನೊಂದು ಒತ್ತುಯಂತ್ರ ತರಿಸಿದರು, ನನ್ನ ಕೈಕೆಳಗೆ ಇಬ್ಬರನ್ನು ಕೊಟ್ಟರು. ಅವರಿಬ್ಬರಿಗೂ ನಾನು ಅಚ್ಚು ಮುಟ್ಟಲು ಬಿಡಲಿಲ್ಲ. ಇವತ್ತಿಗೂ ಎಲ್ಲೇ ಹೊಯ್ಲಿದ್ದರೂ ಅಚ್ಚುಗಳನ್ನು ನಾನೇ ತುಂಬುತ್ತೇನೆ, ಈ ವಯಸ್ಸಿನಲ್ಲಿ, ಮಂಡಿ ಹಿಡಿದುಕೊಂಡು. ದೊಡ್ಡ ಸಾಹೇಬ ಇಷ್ಟು ಸಣ್ಣ ಕೆಲಸ ಮಾಡುತ್ತಾನಲ್ಲ ಎಂದು ಹೊಸಬರು ಮೆಚ್ಚುತ್ತಾರೆ. ಕೆಲಸಕ್ಕೆ ಬಂದ ಹೆಂಗಸರನ್ನು ಸುತ್ತ ಕೂರಿಸಿಕೊಂಡು, ಈ ಗಟ್ಟಿ ಯಾಕೆ, ಇದು ಯಾರ ಪರೀಕ್ಷೆ ಎಂದು ಹೇಳುತ್ತೇನೆ. ಐದು ನಿಮಿಷ ಹಿಡಿಯುತ್ತದೆ.

ಆ ಕೊನೆಯ ಹೊಯ್ಲಿನಲ್ಲಿ ಇಪ್ಪತ್ತೆಂಟು ದಿನಕ್ಕೆಂದು ಇಟ್ಟ ಒಂದು ಗಟ್ಟಿ ನೀರಿನ ತೊಟ್ಟಿಯಲ್ಲೇ ಉಳಿದಿತ್ತು. ಅದರ ಮೇಲೆ ಮೊಳೆಯಿಂದ ಗೀಚಿದ ೨೭, ಏಳು ಸೊಟ್ಟಗಿದೆ. ಭಾಂಡುಪ್ಪಿನಿಂದ ಮಾಟುಂಗಕ್ಕೆ, ಮಾಟುಂಗದಿಂದ ಮಲಾಡಿಗೆ ಅದು ನನ್ನ ಜೊತೆ ಬಂದಿದೆ. ಹೆಂಡತಿ ಅದರ ಮೇಲೆ ಎಣ್ಣೆಡಬ್ಬಿ ಇಡುತ್ತಾಳೆ. ಕಿಟಕಿ ಮುಚ್ಚಿ ಕೂತ ಆ ಮಧ್ಯಾಹ್ನ ಡಬ್ಬಿ ಇಳಿಸಿ ಅದನ್ನು ಎತ್ತಿ ನೋಡಿದೆ. ಒಂದು ಮೂಲೆಯೂ ಸವೆದಿಲ್ಲ. ಅದನ್ನು ಯಂತ್ರದಲ್ಲಿಟ್ಟು ಒಡೆಯಲು ನನಗೆ ಈವರೆಗೆ ಧೈರ್ಯ ಬಂದಿಲ್ಲ. ಅದು ಪಾಸಾಗುತ್ತದೆ.